ಮುನ್ನನ ಪಾಲು

ಪಶುವೈದ್ಯಕೀಯ ಓದಿ ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ಬ್ರಹ್ಮಾವರದ ನಮ್ಮ ಮನೆಗೆ ಬರುತ್ತಾರೆ. ಕೈಯಲ್ಲೊಂದು ಫೋನು, ಅದರಲ್ಲಿ ದನದ್ದೋ ನಾಯಿಯದ್ದೋ ವಿಡಿಯೋ. ಇದಕ್ಕೆ ಏನು ಕೊಡಬಹುದು ಮೇಡಂ ಎಂದು ಕೇಳುತ್ತಾರೆ. ನಾನು ಯಾವುದಾದರೂ ಔಷಧದ ಹೆಸರು ಹೇಳಲಿ ಎಂದು ಅವರ ಆಸೆ. ನಾನು ತಿರುಗಿ ಕೇಳುವುದು ಇಷ್ಟೆ: ಅದು ಏನು ತಿನ್ನುತ್ತದೆ, ತಿನ್ನಿಸುವವರು ಯಾರು? ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಆಗ ನನಗೆ ಸಿಟ್ಟು ಬರುತ್ತದೆ. ನಿವೃತ್ತಿಯ ದಿನ ಕಚೇರಿಯ ಬೀಗದ ಕೈ ಒಪ್ಪಿಸಿ ಬಂದೆನೇ ಹೊರತು ಸಿಟ್ಟನ್ನು ಒಪ್ಪಿಸಿ ಬರಲಿಲ್ಲ.

ಈ ಪ್ರಶ್ನೆಯನ್ನು ನನಗೆ ಕಲಿಸಿದವರು ಬೈಂದೂರಿನಲ್ಲಿದ್ದ ನನ್ನ ಮೊದಲ ಮೇಲಧಿಕಾರಿ. ಮಾತು ಕಡಿಮೆ, ವೀಳ್ಯ ಜಾಸ್ತಿ. ಅವರ ಬಾಯಿ ಖಾಲಿಯಾಗುವವರೆಗೆ ನಾವು ಕಾಯಬೇಕಿತ್ತು. ಒಮ್ಮೆ ಬಿಜೂರಿನಲ್ಲಿ ಒಂದು ಹೊಸ ಮನೆಯ ಒಕ್ಕಲು. ಬೆಳಿಗ್ಗೆ ಪೂಜೆಗೆ ಹೊಸಿಲು ದಾಟಿಸಿದ ದನ ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿಸಿಕೊಂಡು ಅಂಗಳದಲ್ಲಿ ಬಿದ್ದಿತ್ತು. ನಾನು ಓಡಿ ಹೋಗಿ ಚೀಲ ಬಿಚ್ಚಿ, ಕಿವಿ ಮುಟ್ಟಿ, ಜ್ವರ ನೋಡಿ, ಇಂಜೆಕ್ಷನ್ ತೆಗೆದೆ. ಅವರು ದನದ ಹತ್ತಿರವೇ ಬರಲಿಲ್ಲ. ನೇರವಾಗಿ ಹಿತ್ತಿಲಿಗೆ ಹೋದರು. ಅಲ್ಲಿ ದನಕ್ಕೆ ಅಕ್ಕಿ ತೊಳೆದ ನೀರು ಇಡುವ ಅಕ್ಕಚ್ಚಿನ ಬಾಲ್ದಿಯ ತಳದಲ್ಲಿ ಪಾಯಸ ಅಂಟಿಕೊಂಡಿತ್ತು, ಬದಿಯಲ್ಲಿ ಹೋಳಿಗೆಯ ಚೂರು. ಊಟಕ್ಕೆ ಬಂದ ಒಬ್ಬೊಬ್ಬರೂ ಪುಣ್ಯ ಬರಲಿ ಎಂದು ಆ ದನಕ್ಕೆ ಎಲೆಯ ಸಿಹಿ ತಿನ್ನಿಸಿದ್ದರು. ವೀಳ್ಯ ಉಗುಳಿ ಬಂದು ನನಗೆ ಹೇಳಿದರು.

"ಮೊದ್ಲ್ ಬಾಲ್ದಿ ಕಾಣ್, ಆಮೇಲೆ ದನ ಕಾಣ್."

ಸೋಡಾ ಪುಡಿ ಕಲಸಿದ ನೀರನ್ನು ನಳಿಗೆಯಲ್ಲಿ ಹೊಟ್ಟೆಗೆ ಇಳಿಸಿ, ಉಜ್ಜಿ, ನಡೆಸಿ, ಅಂತೂ ಆ ದನ ಬದುಕಿತು. ನನ್ನ ಕಾಲದಲ್ಲಿ ನಾನು ಕಂಡ ಕಾಯಿಲೆಗಳಲ್ಲಿ ಹಸಿವಿನಿಂದ ಬಂದವು ಕೆಲವು, ಪ್ರೀತಿಯಿಂದ ಬಂದವು ಬೇಕಾದಷ್ಟು. ಹಸಿವಿನ ಕಾಯಿಲೆಗೆ ಮದ್ದು ಸುಲಭ. ಪ್ರೀತಿಯದ್ದು ಹಾಗಲ್ಲ, ಅಲ್ಲಿ ಕೊಡುವವರ ಮನಸ್ಸನ್ನೂ ಹಿಡಿದುಕೊಂಡು ಚಿಕಿತ್ಸೆ ಮಾಡಬೇಕು. ಅದು ನನಗೆ ಸರಿಯಾಗಿ ಅರ್ಥವಾದದ್ದು ಸರ್ವೀಸಿನ ಕೊನೆಗಾಲದಲ್ಲಿ, ಮರವಂತೆಯ ಒಂದು ಹಕ್ಕಿಯಿಂದ.

ನಾನು ಸೇರಿದಾಗ ಆಸ್ಪತ್ರೆಗೆ ಬರುತ್ತಿದ್ದದ್ದು ದನ, ಎಮ್ಮೆ, ಅಪರೂಪಕ್ಕೆ ಕೋಳಿ. ನಾಯಿಯನ್ನು ಯಾರಾದರೂ ಹಗ್ಗ ಕಟ್ಟಿ ತಂದರೆ ಹೊರಗೆ ನಿಂತವರು ನಗುತ್ತಿದ್ದರು. ಆಮೇಲೆ ಶಿರೂರಿನಲ್ಲಿದ್ದಾಗ ಬೆಕ್ಕುಗಳು ಬುಟ್ಟಿಯಲ್ಲಿ ಕೂತು ಬರತೊಡಗಿದವು. ಕೊನೆಗೆ ಒಂದು ದಿನ ರಾಮಣ್ಣ ಎಂಬವರು ಸ್ಕೂಟರಿನಲ್ಲಿ ಬಂದು ಫೋನು ಮುಂದೆ ಹಿಡಿದರು. ಅದರೊಳಗೆ ಬೆನ್ನು ನೀಲಿ, ಹೊಟ್ಟೆ ಮಾವಿನಹಣ್ಣಿನ ಹಳದಿ, ಮೊಳದುದ್ದ ಬಾಲದ ಒಂದು ದೊಡ್ಡ ಗಿಳಿ ತೂಕಡಿಸುತ್ತಿತ್ತು. ಮಕಾವ್. ಅದನ್ನು ನಾನು ಪುಸ್ತಕದಲ್ಲಿ ಬಿಟ್ಟರೆ ಕಂಡದ್ದೇ ಇಲ್ಲ. ನಾಳೆ ಬರುತ್ತೇನೆ ಎಂದು ಗತ್ತಿನಿಂದ ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಕೂಡಲೇ ಹಕ್ಕಿಗಳ ಚಿಕಿತ್ಸೆಯಲ್ಲೇ ಕೂದಲು ಹಣ್ಣು ಮಾಡಿಕೊಂಡ ಒಬ್ಬ ಹಳೆಯ ಸಹಪಾಠಿಗೆ ಫೋನು ಮಾಡಿ ಪಾಠ ಹೇಳಿಸಿಕೊಂಡೆ. ಗೊತ್ತಿಲ್ಲದ್ದನ್ನು ಕೇಳುವುದಕ್ಕೆ ನಾಚಿಕೆ ಬೇಡ, ಮಕ್ಕಳೇ. ಗೊತ್ತಿದ್ದಂತೆ ನಟಿಸಿ ಸೂಜಿ ಚುಚ್ಚುವುದಕ್ಕೆ ನಾಚಿಕೆ ಇರಲಿ.

ರಾಮಣ್ಣ ಮತ್ತು ಅವರ ಹೆಂಡತಿ ಜಲಜಕ್ಕ ಮುಂಬೈಯಲ್ಲಿ ಕ್ಯಾಂಟೀನು ನಡೆಸಿ ಊರಿಗೆ ಮರಳಿದವರು. ಅಲ್ಲಿ ಹಕ್ಕಿ ಸಾಕುತ್ತಿದ್ದ ಒಬ್ಬ ಖಾಯಂ ಗಿರಾಕಿ ಇವರಿಗೆ ರೆಕ್ಕೆ ಬಲಿಯದ ಮರಿಯೊಂದನ್ನು ಕೊಟ್ಟಿದ್ದ. ಜಲಜಕ್ಕ ಅದಕ್ಕೆ ಚಮಚದಲ್ಲಿ ಗಂಜಿ ಕುಡಿಸಿ ದೊಡ್ಡದು ಮಾಡಿದ್ದರು, ಮುನ್ನಾ ಎಂದು ಹೆಸರಿಟ್ಟಿದ್ದರು. ವಿದೇಶಿ ಹಕ್ಕಿ ಸಾಕಲು ಬೇಕಾದ ಸರ್ಕಾರಿ ನೋಂದಣಿಯೂ ಸರಿಯಾಗಿಯೇ ಇತ್ತು. ಈಗ ಅವರದು ಮರವಂತೆಯಲ್ಲಿ ಹೆದ್ದಾರಿಯಿಂದ ಹೊಳೆಯ ಕಡೆ ಇಳಿಯುವಲ್ಲಿ ಸಣ್ಣ ಹೋಟೆಲು. ಮುಂದೆ ಎರಡು ಬೆಂಚು, ಒಳಗೆ ಒಲೆ. ಬೆಳಿಗ್ಗೆ ದೋಣಿಯಿಂದ ಬಂದವರು, ಮೀನು ಮಾರಾಟಕ್ಕೆ ಹೊರಟ ಹೆಂಗಸರು, ಲಾರಿಯವರು ಎಲ್ಲರೂ ಅಲ್ಲಿ ಚಾ ಕುಡಿಯುವವರೇ. ಜಲಜಕ್ಕ ಮೈದಾಹಿಟ್ಟು ಕಲಸಿ ಎಣ್ಣೆಯಲ್ಲಿ ಕರಿಯುವ ಗೋಳಿಬಜೆಗೆ ಕುಂದಾಪುರದಿಂದ ಬರುವವರಿದ್ದರು. ಬೆಂಚಿನ ಪಕ್ಕದಲ್ಲೇ ಗೇರುಮರದ ಕೊಂಬೆಯೊಂದನ್ನು ನೆಟ್ಟು ಅದರ ಮೇಲೆ ಮುನ್ನನಿಗೆ ಜಾಗ ಮಾಡಿದ್ದರು.

ಬಾಲ್ದಿ ನೋಡಬೇಕಲ್ಲ. ನಾನು ಹಕ್ಕಿಯನ್ನು ಮುಟ್ಟದೆ ಒಂದು ಚಾ ಹೇಳಿ ಬೆಂಚಿನಲ್ಲಿ ಕೂತೆ. ನೋಡನೋಡುತ್ತಿದ್ದಂತೆ ಒಬ್ಬ ಗೋಳಿಬಜೆಯ ತುಂಡು ಕೊಟ್ಟ. ಇನ್ನೊಬ್ಬ ಬಾಳೆಹಣ್ಣು ಕಲಸಿ ಕರಿದ ಬನ್ಸನ್ನು ಚಾದಲ್ಲಿ ಅದ್ದಿ ಕೊಟ್ಟ. ಮೀನಿನ ಬುಟ್ಟಿಯ ಹೆಂಗಸು ತನ್ನ ತಟ್ಟೆಯ ಹುರಿದ ಬಂಗುಡೆಯ ತುದಿ ಮುರಿದು ಕೊಟ್ಟಳು. ಯಾರೂ ಆಟಕ್ಕೆ ಕೊಡುತ್ತಿರಲಿಲ್ಲ. ದೇವರಿಗೆ ತೆಗೆದಿಡುವ ಹಾಗೆ ಮೊದಲ ತುಂಡು ಅದಕ್ಕೆ, ಆಮೇಲೆ ತಮ್ಮ ಬಾಯಿಗೆ.

ಕಾರಣ ಕೇಳಿದರೆ ಎಲ್ಲರೂ ಹೇಳಿದ್ದು ಒಂದೇ, ಕಣ್ಣು. ನಮ್ಮ ಊರ ಕಡೆಯ ನಂಬಿಕೆ ಅದು: ಒಬ್ಬರು ನೋಡುತ್ತಿರುವಾಗ ಕೊಡದೆ ತಿಂದರೆ ಕಣ್ಣು ತಾಗುತ್ತದೆ, ತಿಂದವರಿಗೆ ಹೊಟ್ಟೆ ನೋವು ಬರುತ್ತದೆ. ಚಿಕ್ಕಂದಿನಲ್ಲಿ ನನ್ನ ಅಮ್ಮನೂ ನಮ್ಮನ್ನು ಹೊರಗಿನವರಿಗೆ ಕಾಣದ ಹಾಗೆ ಬಾಗಿಲು ಮುಂದೆ ಮಾಡಿ ಉಣ್ಣಿಸುತ್ತಿದ್ದಳು. ಇನ್ನು ಮಕಾವಿನ ಕಣ್ಣನ್ನು ನೀವು ಹತ್ತಿರದಿಂದ ನೋಡಬೇಕು. ತಿಳಿಹಳದಿ ಬಳೆಯೊಳಗೆ ಒಂದು ಕಪ್ಪು ಗುಡ್ಡೆ. ಆಸೆಯಾದರೆ ಆ ಗುಡ್ಡೆ ಸಾಸಿವೆಯಷ್ಟಾಗುತ್ತದೆ, ಮತ್ತೆ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಅಂಥ ಕಣ್ಣಿನ ಎದುರು ಗೋಳಿಬಜೆ ನುಂಗುವ ಧೈರ್ಯ ಯಾರಿಗಿದೆ? ದಿನಾ ಅಲ್ಲೇ ಚಾ ಕುಡಿಯುವ ಮುದುಕ ಕುಷ್ಟಣ್ಣ ನಾಡದೋಣಿಯವರು, ಎಂಥ ಸಮುದ್ರಕ್ಕೂ ಹೆದರಿದವರಲ್ಲ. ಅವರೂ ಮುನ್ನನಿಗೆ ಕೊಡದೆ ತಿನ್ನುತ್ತಿರಲಿಲ್ಲ.

ಆಮೇಲೆ ಹಕ್ಕಿ ನೋಡಿದೆ. ಕೊಬ್ಬಿ ಎದೆಯ ಮೂಳೆ ಕೈಗೇ ಸಿಗುತ್ತಿರಲಿಲ್ಲ. ಗರಿಗಳಲ್ಲಿ ಹೊಳಪಿಲ್ಲ, ಮೂಗು ಕಟ್ಟಿತ್ತು, ಬಾಯೊಳಗೆ ಬಿಳಿಯ ಗಂಟುಗಳು. ಎ ಜೀವಸತ್ವದ ಕೊರತೆಗೆ ಅದೇ ಗುರುತು. ಆಮೇಲೆ ಬಂದ ರಕ್ತ ಪರೀಕ್ಷೆಯ ವರದಿಯಲ್ಲಿ ಯಕೃತ್ತು ಕೆಟ್ಟದ್ದೂ ಗೊತ್ತಾಯಿತು. ಎಣ್ಣೆ, ಉಪ್ಪು, ಚಾ, ಸಕ್ಕರೆ, ಅದು ಬಿಟ್ಟರೆ ಒಂದು ಡಬ್ಬಿ ಸೂರ್ಯಕಾಂತಿ ಬೀಜ. ಮೊದಲೆಲ್ಲ ಗಿರಾಕಿಗಳನ್ನು "ಹ್ವಾಯ್" ಎಂದು ಅದೇ ಕರೆಯುತ್ತಿತ್ತಂತೆ. ಈಗ ಕೆಲವು ವಾರಗಳಿಂದ ಮಾತೇ ಇಲ್ಲ ಎಂದು ರಾಮಣ್ಣ ಹೇಳಿದರು.

ನನ್ನ ನಾಲಗೆಗೆ ಮೂಳೆಯಿಲ್ಲ. ಜಲಜಕ್ಕನನ್ನು ಒಲೆಯ ಬುಡದಿಂದ ಕರೆಸಿ, ನಿಮ್ಮ ಬಾಣಲೆಯೇ ಇದನ್ನು ಕೊಲ್ಲುತ್ತಿದೆ, ಹೀಗೇ ಆದರೆ ಮುಂದಿನ ಮಳೆಗಾಲ ಇದು ಕಾಣುವುದಿಲ್ಲ ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಸೆರಗಿನಲ್ಲಿ ಕೈ ಒರೆಸಿಕೊಂಡರು.

"ನಾನ್ ಬಡ್ಸಿದ್ ಉಂಡ್ ಯಾರೂ ಹಾಳಾಯ್ಲಿಲ್ಲೆ, ಡಾಕ್ಟ್ರಮ್ಮ."

ಅಷ್ಟು ಹೇಳಿ ಒಳಗೆ ಹೋದರು. ನಾನು ರಾಮಣ್ಣನಿಗೆ ಆಹಾರ ಹೇಗೆ ಬದಲಿಸಬೇಕೆಂದು ವಿವರಿಸಿದೆ. ಮಂಗಳೂರಿನಿಂದ ಹಕ್ಕಿಗಳಿಗೆಂದೇ ಮಾಡಿದ ಹರಳು ತಿಂಡಿ ತರಿಸಿ, ಜೊತೆಗೆ ಸೊಪ್ಪು, ತರಕಾರಿ, ಬೇಯಿಸಿದ ಕಾಳು. ನಿಧಾನಕ್ಕೆ ಸೇರಿಸುತ್ತಾ ಹೋಗಿ ಎಂದೆ. ಹಕ್ಕಿಗೆ ಏನನ್ನೂ ಕೊಡಬಾರದು ಎಂದು ಬೋರ್ಡು ಹಾಕಿಸಿದೆ. ದೊಡ್ಡ ಕೆಲಸ ಮಾಡಿದ ಹೆಮ್ಮೆಯಿಂದ ಜೀಪು ಹತ್ತಿದೆ.

ಬೋರ್ಡಿನ ಮಾತಿನ ಆಯುಸ್ಸು ಮರುದಿನದವರೆಗೂ ಇರಲಿಲ್ಲ. ಅದನ್ನು ಓದಿ ಪಾಲಿಸಿದ್ದು ಒಬ್ಬ ಲಾರಿ ಡ್ರೈವರು ಮಾತ್ರ. ಅವನಿಗೆ ಆ ಸಂಜೆಯೇ ಹೊಟ್ಟೆನೋವು ಬಂತು. ಬನ್ಸಿನ ಮೇಲೆ ಬನ್ಸು ತಿಂದರೆ ಹಕ್ಕಿ ನೋಡದಿದ್ದರೂ ಬರುತ್ತದೆ! ಆದರೆ ಸುದ್ದಿ ದೋಣಿಯಿಂದ ದೋಣಿಗೆ ಹಾರಿತು. ಜನ ಬೋರ್ಡಿಗೆ ಬೆನ್ನು ಹಾಕಿ ಕೂತು, ಕೈ ಹಿಂದೆ ಮಾಡಿ ಗೋಳಿಬಜೆ ಕೊಡತೊಡಗಿದರು.

ಇದನ್ನು ಕಂಡ ಜಲಜಕ್ಕ ತಾವೇ ಒಂದು ನಿರ್ಧಾರ ಮಾಡಿದರು. ನನ್ನ ಮಾತು ಅವರಿಗೆ ಅಷ್ಟು ನಾಟಿತ್ತು. ಮುನ್ನನನ್ನು ಬೆಂಚಿನ ಹತ್ತಿರದಿಂದ ತೆಗೆದು ಹಿಂದಿನ ಕೋಣೆಯಲ್ಲಿಟ್ಟರು. ಎದುರಿಗೆ ಕ್ಯಾರೆಟು, ಕುಂಬಳ, ಸೊಪ್ಪು ಇಟ್ಟು, ಹಸಿದರೆ ತಾನೇ ತಿನ್ನುತ್ತದೆ ಎಂದು ಬಾಗಿಲು ಹಾಕಿದರು. ಹಟ ಮಾಡುವ ಮಕ್ಕಳಿಗೆ ನಾವು ಹಾಗೆಯೇ ಮಾಡುವುದಲ್ಲವೆ? ಮಕ್ಕಳು ಸಂಜೆಗೆ ಸೋತು ಉಣ್ಣುತ್ತವೆ. ಹಕ್ಕಿ ಸೋಲುವುದಿಲ್ಲ, ಅದು ಸಾಯುತ್ತದೆ. ಗುರುತಿಲ್ಲದ್ದನ್ನು ಅದು ಆಹಾರ ಎಂದೇ ಲೆಕ್ಕ ಹಿಡಿಯುವುದಿಲ್ಲ. ಅದೂ ಕೊಬ್ಬು ತುಂಬಿದ ಯಕೃತ್ತಿನ ಹಕ್ಕಿ ಉಪವಾಸ ಬಿದ್ದರೆ ಮುಗಿದಂತೆಯೇ.

ರಾಮಣ್ಣನ ಫೋನು ಬಂದಾಗ ನಾನು ಶಿರೂರಿನ ಕಡೆ ಒಂದು ಎಮ್ಮೆಯ ಕೆಲಸದಲ್ಲಿದ್ದೆ. ಅಲ್ಲಿಂದ ನೇರ ಮರವಂತೆಗೆ ಬಂದೆ. ಮುನ್ನ ಹಿಂದಿನ ಕೋಣೆಯ ನೆಲದ ಮೇಲೆ ಗರಿ ಕೆದರಿಕೊಂಡು ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ತಿಂಡಿಗೆ ಕುಣಿಯುತ್ತಿದ್ದ ಆ ಗುಡ್ಡೆ ಈಗ ಅಲುಗುತ್ತಿರಲಿಲ್ಲ. ಜಲಜಕ್ಕ ಅದರ ಪಕ್ಕ ನೆಲಕ್ಕೆ ಕೂತಿದ್ದರು. ಒಲೆ ಆರಿತ್ತು, ಆ ಹೋಟೆಲಿನಲ್ಲಿ ಹಗಲು ಹೊತ್ತು ಒಲೆ ಆರಿದ್ದನ್ನು ನಾನು ಮತ್ತೆ ನೋಡಿಲ್ಲ.

"ನಾ ಕೊಟ್ರೆ ಸಾಯ್ತ್ ಅಂದ್ರಿ, ಕೊಡ್ದಿರೂ ಸಾಯ್ತ್. ನಾನ್ ಎಂತ ಮಾಡ್ಕ್ ಹೇಳಿ?"

ಆ ಹೆಂಗಸು ಬದುಕೆಲ್ಲ ಮಾಡಿದ್ದು ಒಂದೇ ಕೆಲಸ, ಹಸಿದವರಿಗೆ ಕೊಡುವುದು. ಆ ಕೈಯನ್ನೇ ವಿಷ ಎಂದು ನಾನು ಹೇಳಿ ಹೋಗಿದ್ದೆ. ನಳಿಗೆಯಲ್ಲಿ ಹಿಟ್ಟಿನ ನೀರು ಇಳಿಸಿದೆ, ಜೀವಸತ್ವದ ಇಂಜೆಕ್ಷನ್ ಕೊಟ್ಟೆ, ಬೆಚ್ಚಗಿಡಲು ಬಲ್ಬು ಕಟ್ಟಿಸಿದೆ. ಅದೆಲ್ಲ ಡಾಕ್ಟರು ಮಾಡುವ ಕೆಲಸ. ಆಮೇಲೆ ಅವರ ಪಕ್ಕದಲ್ಲಿ ಕೂತು ಹೇಳಿದೆ.

"ಕೊಡಿ, ಜಲಜಕ್ಕ. ಅದ್ಕ್ ಗುರ್ತ್ ಇಪ್ಪುದನ್ನೇ ಈಗ ಕೊಡಿ. ನಿಮ್ಮ ಕೈ ಬಿಟ್ರೆ ಅದ್ ಬದ್ಕುದಿಲ್ಲೆ."

ಅವರು ಬನ್ಸಿನ ಒಳಗಿನ ಮೆತ್ತನೆ ಭಾಗ ಹಿಡಿದರು. ಮುನ್ನ ಮೊದಲು ನೋಡಲೇ ಇಲ್ಲ. ಆಮೇಲೆ ಕೊಕ್ಕು ತೆರೆದು ಒಂದು ಚೂರು ತೆಗೆದುಕೊಂಡಿತು. ಆರೋಗ್ಯದ ಆಹಾರ ಎಂದು ಪಾಠ ಹೇಳಿದವಳೇ ಬನ್ಸು ತಿನ್ನಿಸಿದೆನೆಂದು ನಗಬೇಡಿ. ಮೊದಲು ಜೀವ, ಆಮೇಲೆ ಪಥ್ಯ.

ಮುಂದಿನ ಕೆಲವು ದಿನ ನಾನು ಆ ದಾರಿಯಲ್ಲಿ ಹೋಗುವಾಗೆಲ್ಲ ಇಳಿದು ನೋಡುತ್ತಿದ್ದೆ. ಹಕ್ಕಿ ಚೇತರಿಸಿಕೊಂಡು ಕೊಂಬೆಗೆ ಮರಳಿತು. ಆದರೆ ತರಕಾರಿ? ಕ್ಯಾರೆಟನ್ನು ಎಸೆಯಿತು. ಕುಂಬಳದ ಹೋಳನ್ನು ಕುಷ್ಟಣ್ಣನ ಚಾಕ್ಕೆ ಹಾಕಿತು. ಹರಳು ತಿಂಡಿಯ ಬಟ್ಟಲನ್ನೇ ಬುಡಮೇಲು ಮಾಡಿತು. ಹಳೆಯ ತಿಂಡಿಯಲ್ಲೇ ಮುಂದುವರಿದರೆ ಯಕೃತ್ತು ಕೈಕೊಡುತ್ತದೆ, ನಿಲ್ಲಿಸಿದರೆ ಹಸಿವು ಕೊಲ್ಲುತ್ತದೆ.

ಒಂದು ಮಧ್ಯಾಹ್ನ ಹೊರಡುವ ಹೊತ್ತಿಗೆ, ನಮ್ಮಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ, ಊಟ ಆಯಿತಾ ಎಂದು ಜಲಜಕ್ಕನನ್ನು ಕೇಳಿದೆ. ಗಿರಾಕಿಗಳೆಲ್ಲ ಹೋದ ಮೇಲೆ ಒಳಗೆ ಉಣ್ಣುತ್ತೇನೆ ಎಂದರು. ಏನು ಅಡಿಗೆ ಎಂದೆ. ಕುಚ್ಚಲಕ್ಕಿ ಗಂಜಿ, ನುಗ್ಗೆಸೊಪ್ಪಿನ ಪಲ್ಯ, ಕುಂಬಳದ ಹುಳಿ, ಬೇಯಿಸಿದ ಹುರುಳಿ. ದಿನಾ ಹೆಚ್ಚುಕಡಿಮೆ ಅದೇ. ತಮಗೆ ಈ ಕರಿದದ್ದು ಹಿಡಿಸುವುದಿಲ್ಲವೆಂದೂ ಹೇಳಿದರು.

ನಾನು ಎತ್ತಿದ ಚೀಲವನ್ನು ಕೆಳಗಿಟ್ಟೆ. ಬಾಲ್ದಿ ನೋಡಿದ್ದೆ, ಆದರೆ ಪೂರ್ತಿ ನೋಡಿರಲಿಲ್ಲ. ಮಕಾವ್ ಗುಂಪಿನಲ್ಲಿ ಬಾಳುವ ಹಕ್ಕಿ. ತನ್ನವರು ಏನು ತಿನ್ನುತ್ತಾರೋ ಅದೇ ಆಹಾರ ಎಂದು ಕಲಿಯುವಂಥದ್ದು. ನಮ್ಮ ಮುನ್ನನೋ, ಇಷ್ಟು ವರ್ಷ ಕಂಡದ್ದು ಬೆಂಚಿನ ಮೇಲಿನ ಗೋಳಿಬಜೆ, ಬನ್ಸು, ಚಾ ಮಾತ್ರ. ಸೊಪ್ಪು, ಕಾಳು, ಕುಂಬಳ ತಿನ್ನುವ ಒಬ್ಬರೇ ಒಬ್ಬರು ಆ ಮನೆಯಲ್ಲಿದ್ದರು. ಅವರು ಗೋಡೆಯ ಹಿಂದೆ, ಎಲ್ಲರದ್ದೂ ಆದ ಮೇಲೆ, ಒಲೆಯ ಬುಡದಲ್ಲಿ ಕೂತು ಉಣ್ಣುತ್ತಿದ್ದರು. ಸಾಕಿದ ತಾಯಿ ಉಣ್ಣುವುದನ್ನೇ ಆ ಹಕ್ಕಿ ನೋಡಿರಲಿಲ್ಲ.

ನಾಳೆಯಿಂದ ನೀವು ಮುಂದಿನ ಬೆಂಚಿನಲ್ಲಿ, ಅದರ ಎದುರು ಕೂತು ಊಟ ಮಾಡಬೇಕು ಎಂದೆ. ಜಲಜಕ್ಕ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದರು.

"ಗಿರಾಕಿಗಳ ಎದ್ರ್ ಕೂಕಂಡ್ ನಾ ಉಂಬುದಾ? ಜನ ಎಂತ ಹೇಳ್ತ್ರ್?"

ಆ ಬೆಂಚನ್ನು ದಿನವೂ ಒರೆಸಿದವರು ಅವರೇ. ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ. ರಾಮಣ್ಣ ಹೇಳಿ ನೋಡಿದರು, ನಾನು ಗದರಿಸಿ ನೋಡಿದೆ. ಇಲ್ಲ ಎಂದರೆ ಇಲ್ಲ. ಮರುದಿನ ಮಧ್ಯಾಹ್ನ ನಾನು ಮತ್ತೆ ಹೋದೆ. ಅವರು ಒಲೆಯ ಹತ್ತಿರವೇ ನಿಂತಿದ್ದರು. ಬೆಂಚಿನ ತುಂಬ ಜನ. ಆಗ ಕುಷ್ಟಣ್ಣ ಎದ್ದರು. ಹೆಗಲ ಬೈರಾಸಿನಲ್ಲಿ ತಾವು ಕೂತ ಜಾಗ ಒರೆಸಿದರು. ಒಳಗೆ ಹೋಗಿ ಗಂಜಿಯ ಬಟ್ಟಲು, ಪಲ್ಯದ ತಟ್ಟೆ ತಾವೇ ತಂದಿಟ್ಟರು.

"ಇಷ್ಟ್ ವರ್ಷ ನೀವೇ ಬಡ್ಸಿದ್ದ್. ಇವತ್ತ್ ನಾ ಬಡ್ಸ್ತೆ, ಕೂಕಣಿ."

ಯಾರೂ ನಗಲಿಲ್ಲ. ಜಲಜಕ್ಕ ಬಂದು ಬೆಂಚಿನ ತುದಿಯಲ್ಲಿ ಅರ್ಧ ಕೂತರು, ರಸ್ತೆಗೆ ಬೆನ್ನು, ಹಕ್ಕಿಗೆ ಮುಖ. ಬೆಂಚಿಗೆ ಬರಲು ಒಪ್ಪದಿದ್ದರೂ, ಮುನ್ನನಿಗೂ ಕೊಡುವುದಕ್ಕಾಗಿ ಆ ದಿನದ ಪಲ್ಯಕ್ಕೆ ಅವರು ಉಪ್ಪು, ಮೆಣಸು, ಎಣ್ಣೆ ಯಾವುದನ್ನೂ ಹಾಕಿರಲಿಲ್ಲ. ಆವಿಯಲ್ಲಿ ಬೇಯಿಸಿದ ಕುಂಬಳ ಮತ್ತು ನುಗ್ಗೆಸೊಪ್ಪು ಮಾತ್ರ. ಮೊದಲ ತುತ್ತು ನಾಚಿಕೆಯಿಂದ ಕೆಳಗೆ ಇಳಿಯಲಿಲ್ಲ. ಎರಡನೆಯದಕ್ಕೆ ಹಸಿವು ನಾಚಿಕೆಯನ್ನು ತಳ್ಳಿತು. ಮುನ್ನ ಕತ್ತು ಓರೆ ಮಾಡಿತು. ಕೊಂಬೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಈ ತುದಿಗೆ ಬಂತು. ಕಣ್ಣಿನ ಗುಡ್ಡೆ ಸಾಸಿವೆಯಾಯಿತು, ಹಿಗ್ಗಿತು, ಮತ್ತೆ ಸಾಸಿವೆಯಾಯಿತು.

"ಹ್ವಾಯ್" ಎಂದಿತು ಮುನ್ನ.

ಎಷ್ಟೋ ವಾರಗಳ ಮೇಲೆ ಬಂದ ಮಾತು. ಕಣ್ಣು ಬಿದ್ದ ಮೇಲೆ ಕೊಡದೆ ತಿನ್ನುವುದುಂಟೆ? ಜಲಜಕ್ಕ ತಟ್ಟೆಯ ಕುಂಬಳದ ಹೋಳನ್ನು ಎತ್ತಿ ಹಿಡಿದರು. ಅದು ಕಾಲಿನಲ್ಲಿ ತೆಗೆದುಕೊಂಡು, ನಾಲಗೆ ಮುಟ್ಟಿಸಿ, ಅರ್ಧ ಬೀಳಿಸಿ, ಅರ್ಧ ನುಂಗಿತು. ಆಮೇಲೆ ಇನ್ನೊಂದಕ್ಕೆ ಕತ್ತು ಚಾಚಿತು. ಜಲಜಕ್ಕ ಎಲ್ಲರ ಎದುರೇ ಅತ್ತರು, ಅಳುತ್ತಲೇ ಇನ್ನೊಂದು ಹೋಳು ಕೊಟ್ಟರು. ನನ್ನ ಕಣ್ಣೂ ತುಂಬಿತು, ಅದನ್ನು ಮುಚ್ಚಿಡುವುದೇಕೆ?

ಅಲ್ಲಿಂದ ದಾರಿ ಸುಲಭವಾಯಿತು. ಬೋರ್ಡನ್ನು ನಾನೇ ಕಿತ್ತೆ. ಬೆಂಚಿನ ಮೇಲೆ ಒಂದು ಸ್ಟೀಲಿನ ಬಟ್ಟಲು ಇಟ್ಟೆವು. ಅದರಲ್ಲಿ ಹೆಚ್ಚಿದ ಪೇರಳೆ, ಕ್ಯಾರೆಟು, ಅಲಸಂಡೆ, ಮೊಳಕೆ ಬರಿಸಿ ಬೇಯಿಸಿದ ಹೆಸರು. ಮುನ್ನನಿಗೆ ಕೊಡಬೇಕೆಂದವರು ಮೊದಲು ಅದರಿಂದ ಒಂದು ತುಂಡು ತಾವು ತಿಂದು, ಇನ್ನೊಂದನ್ನು ಅದಕ್ಕೆ ಕೊಡಬೇಕು. ದೋಣಿಯವರು ಚಾಕ್ಕೆ ಮೊದಲು ಹಸಿ ಕ್ಯಾರೆಟು ಕಡಿಯುವುದನ್ನು ನೋಡಿ ನಕ್ಕದ್ದಕ್ಕೆ ಲೆಕ್ಕವಿಲ್ಲ. ಹರಳು ತಿಂಡಿಯನ್ನು ಪುಡಿಮಾಡಿ ಕುಂಬಳಕ್ಕೆ ಹಚ್ಚಿ ಹಚ್ಚಿ ರೂಢಿ ಮಾಡಿಸಿದೆವು, ಕೊನೆಗೆ ಹೊಟ್ಟೆಯ ದೊಡ್ಡ ಪಾಲು ಅದರದ್ದೇ ಆಯಿತು. ಸೂರ್ಯಕಾಂತಿ ಬೀಜ ಚೂರುಚೂರೇ ಕಡಿಮೆಯಾಯಿತು. ಮಕಾವಿಗೆ ಉಳಿದ ಗಿಳಿಗಳಿಗಿಂತ ಸ್ವಲ್ಪ ಜಿಡ್ಡು ಹೆಚ್ಚು ಬೇಕು, ಹಾಗಾಗಿ ಉಪ್ಪಿಲ್ಲದ ಗೇರುಬೀಜ, ಅಕ್ರೋಟು ಬಹುಮಾನದ ಲೆಕ್ಕದಲ್ಲಿ ಉಳಿದವು. ಸಿಹಿಹಣ್ಣು ಮಿತವಾಗಿ. ಬೆಣ್ಣೆಹಣ್ಣು, ಚಾಕಲೇಟು, ಚಾ, ಕಾಫಿ ಹತ್ತಿರವೂ ಸುಳಿಯಬಾರದು. ಮೀನಿನ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ. ತೂಕ ನೋಡದೆ ಹಕ್ಕಿಯ ಪಥ್ಯ ಬದಲಿಸಬೇಡಿ, ಅದು ಗರಿಯೊಳಗೆ ಸೊರಗಿದರೆ ಕಣ್ಣಿಗೆ ತಿಳಿಯುವುದಿಲ್ಲ. ಗರಿ ಉದುರಿ ಹೊಸದು ಬರುವ ಹೊತ್ತಿಗೆ ಬಾಯಿಯ ಗಂಟು ಮಾಯವಾಗಿ, ನೀಲಿ ಮತ್ತೆ ನೀಲಿಯಾಯಿತು.

ನಿವೃತ್ತಿಯ ಮೇಲೆ ಮೊನ್ನೆ ಬೈಂದೂರಿಗೆ ಹೋಗಿ ಬರುವಾಗ ಅಲ್ಲಿ ಇಳಿದೆ. ಜಲಜಕ್ಕ ಮುಂದಿನ ಬೆಂಚಿನಲ್ಲಿ ಕಾಲು ಮಡಿಸಿ ಕೂತು ಆರಾಮಾಗಿ ಉಣ್ಣುತ್ತಿದ್ದರು. ನನ್ನನ್ನು ಕಂಡು ಏಳಲೂ ಇಲ್ಲ, ಬನ್ನಿ ಎಂದು ಪಕ್ಕದ ಜಾಗ ತೋರಿಸಿದರು. ಮುನ್ನ ತನ್ನ ಬಟ್ಟಲಲ್ಲಿ ಮುಳುಗಿತ್ತು. ನಾನು ರೂಢಿಯಂತೆ ಅದನ್ನೇ ನೋಡುತ್ತಾ ಕೂತೆ: ಗರಿ, ಮೂಗು, ಕೊಕ್ಕು, ಕಾಲು. ಡಾಕ್ಟರ ಕಣ್ಣು ನಿವೃತ್ತಿಯಾಗುವುದಿಲ್ಲವಲ್ಲ.

ಮುನ್ನ ತಿನ್ನುವುದನ್ನು ನಿಲ್ಲಿಸಿತು. ಒಮ್ಮೆ ನನ್ನನ್ನು ನೋಡಿತು. ಬಟ್ಟಲಿನಿಂದ ಒಂದು ಕುಂಬಳದ ಹೋಳು ಕಚ್ಚಿಕೊಂಡು, ಕೊಂಬೆಯ ತುದಿಯವರೆಗೆ ನಡೆದು ಬಂದು, ಬಗ್ಗಿ, ನನ್ನ ಮುಖದ ಮುಂದೆ ಹಿಡಿದುಕೊಂಡು ನಿಂತಿತು.

"ನೀವ್ ಆಗ್ಳಿಂದ ಅದನ್ನೇ ಕಾಂತಾ ಇದ್ರಿ ಅಲ್ದಾ" ಎಂದರು ಜಲಜಕ್ಕ. "ಕೊಡ್ದೆ ತಿಂದ್ರೆ ಅದ್ಕ್ ಹೊಟ್ಟಿ ನೋವ್ ಬತ್ತ್. ತಕಣಿ."

ಹಕ್ಕಿಯ ಕೊಕ್ಕಿನ ತುತ್ತನ್ನು ಮನುಷ್ಯರು ತಿನ್ನಬಾರದು. ಗಿಳಿಜಾತಿಯಿಂದ ನಮಗೆ ದಾಟುವ ರೋಗಗಳಿವೆ. ಇದನ್ನು ನಾನು ತರಬೇತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ. ನೀವು ಯಾರೂ ತಿನ್ನಬೇಡಿ.

ನಾನು ಕೈ ಚಾಚಿ ತೆಗೆದುಕೊಂಡು ತಿಂದೆ.